ನಿದ್ದೆಗೆಟ್ಟ ಹಕೀಮರು: ಬೂ ಅಲೀ ಸೀನಾ ಅವರ ಬದುಕು

ನಮ್ಮ ಬೀದಿಯ ಕೊನೆಯಲ್ಲಿ ಒಂದು ಯುನಾನಿ ದವಾಖಾನೆ ಇದೆ. ಒಳಗೆ ಕಾಲಿಟ್ಟರೆ ಮರದ ಕಪಾಟುಗಳು, ಗಾಜಿನ ಭರಣಿಗಳು, ಒಣಗಿದ ಬೇರುಗಳ ವಾಸನೆ. ಹಕೀಮ್ ಸಾಹೇಬರು ಕೂರುವ ಕುರ್ಚಿಯ ಹಿಂದೆ ಗೋಡೆಯ ಮೇಲೆ ಪೇಟ ಸುತ್ತಿದ, ಗಡ್ಡ ಬಿಟ್ಟ ಒಬ್ಬರ ಪಟ ತೂಗುಹಾಕಿದ್ದಾರೆ. ಅದು ಹಕೀಮ್ ಸಾಹೇಬರ ಮುತ್ತಜ್ಜನ ಪಟ ಇರಬೇಕೆಂದು ನಾನು ಬಹಳ ವರ್ಷ ತಿಳಿದುಕೊಂಡಿದ್ದೆ.

ಕಳೆದ ವರ್ಷ ಪ್ರಥಮ ಪಿಯುಸಿಯ ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ನಾನು ಸತತ ಒಂದು ವಾರ ರಾತ್ರಿ ಮೂರು ಗಂಟೆಯವರೆಗೆ ಓದಿದೆ. ಚಹಾ ಕುಡಿದು, ಮುಖಕ್ಕೆ ನೀರು ಹಾಕಿಕೊಂಡು ಓದಿದೆ. ಅಕೌಂಟೆನ್ಸಿ ಪರೀಕ್ಷೆಯ ದಿನ ಟ್ರಯಲ್ ಬ್ಯಾಲೆನ್ಸ್ ಕೂಡಿಬರಲಿಲ್ಲ. ಮೂರು ಸಲ ಕೂಡಿಸಿದರೂ ತಪ್ಪು ಸಿಗಲಿಲ್ಲ. ಡೆಬಿಟ್ ಕಡೆ ಬರೆಯಬೇಕಾದ ಎರಡು ಮೊತ್ತಗಳನ್ನು ಕ್ರೆಡಿಟ್ ಕಡೆ ಬರೆದಿದ್ದೆ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ಆ ಲೆಕ್ಕವನ್ನು ನಾನು ನಿದ್ದೆಗಣ್ಣಿನಲ್ಲೂ ಮಾಡಬಲ್ಲೆ ಎಂದುಕೊಂಡಿದ್ದೆ. ನಿದ್ದೆಗಣ್ಣಿನಲ್ಲೇ ಮಾಡಿದ್ದೆ, ಅದೇ ತೊಂದರೆಯಾಯಿತು. ಪರೀಕ್ಷೆ ಮುಗಿದರೂ ತಲೆನೋವು ಮಾತ್ರ ಹೋಗಲಿಲ್ಲ. ದಾದಿ ನನ್ನನ್ನು ಕೈಹಿಡಿದು ಆ ದವಾಖಾನೆಗೆ ಕರೆದುಕೊಂಡು ಹೋದರು.

ಹಕೀಮ್ ಸಾಹೇಬರು ನಾಡಿ ಹಿಡಿದು ತಲೆಯ ವಿಷಯ ಕೇಳಲೇ ಇಲ್ಲ. ಎಷ್ಟು ಗಂಟೆಗೆ ಮಲಗುತ್ತೀಯ, ಬೆಳಿಗ್ಗೆ ಏನು ತಿನ್ನುತ್ತೀಯ, ದಿನಕ್ಕೆ ಎಷ್ಟು ದೂರ ನಡೆಯುತ್ತೀಯ, ಹೊಟ್ಟೆ ಸರಿಯಾಗಿದೆಯೇ, ಯಾವುದಕ್ಕಾದರೂ ಹೆದರಿದ್ದೀಯಾ ಎಂದು ಒಂದೊಂದಾಗಿ ಕೇಳಿದರು. ಕೊನೆಗೆ ಬೆರಳಿನಿಂದ ಆ ಪಟ ತೋರಿಸಿ, ನಿನ್ನ ವಯಸ್ಸಿನಲ್ಲಿ ಇವರೂ ಹೀಗೆಯೇ ಮಾಡುತ್ತಿದ್ದರು, ಇಂಥ ಪ್ರಶ್ನೆಗಳನ್ನು ಕೇಳಬೇಕೆಂದು ನಮಗೆ ಕಲಿಸಿದವರೂ ಇವರೇ ಎಂದು ನಕ್ಕರು. ಆಗಲೇ ನನಗೆ ಗೊತ್ತಾದದ್ದು, ಅದು ಬೂ ಅಲೀ ಸೀನಾ ಅವರ ಪಟ ಎಂದು. ಇಬ್ನ್ ಸೀನಾ ಎಂದೂ ಕರೆಯುತ್ತಾರೆ. ಯುರೋಪಿನವರಿಗೆ ಅವರು ಅವಿಸೆನ್ನಾ. ಅವರ ಕಾಲದಲ್ಲಿ ಬರೆದ ಚಿತ್ರ ಯಾವುದೂ ಉಳಿದಿಲ್ಲವಾದ್ದರಿಂದ ಪಟದಲ್ಲಿರುವ ಮುಖ ಕಲಾವಿದರ ಕಲ್ಪನೆ. ಬದುಕಿನ ವಿವರಗಳು ಮಾತ್ರ ನಮಗೆ ಚೆನ್ನಾಗಿ ಸಿಗುತ್ತವೆ, ಏಕೆಂದರೆ ಮೊದಲರ್ಧವನ್ನು ಅವರೇ ಶಿಷ್ಯನಿಗೆ ಹೇಳಿ ಬರೆಸಿದ್ದಾರೆ, ಉಳಿದರ್ಧವನ್ನು ಆ ಶಿಷ್ಯ ಬರೆದಿದ್ದಾನೆ.

ಇಬ್ನ್ ಸೀನಾ ಹುಟ್ಟಿದ್ದು ಕ್ರಿ.ಶ. 980ರಲ್ಲಿ, ಹಿಜರಿ 370ರಲ್ಲಿ, ಬುಖಾರಾ ನಗರದ ಹತ್ತಿರದ ಅಫ್ಶಾನಾ ಎಂಬ ಹಳ್ಳಿಯಲ್ಲಿ. ಅದು ಇಂದಿನ ಉಜ್ಬೇಕಿಸ್ತಾನದಲ್ಲಿದೆ. ತಂದೆ ಅಬ್ದುಲ್ಲಾ ಬಲ್ಖ್ ಕಡೆಯವರು. ಸಾಮಾನಿ ಅರಸರ ಕೈಕೆಳಗೆ ಅಧಿಕಾರಿಯಾಗಿದ್ದರು. ತಾಯಿಯ ಹೆಸರು ಸಿತಾರಾ. ಮಗನಿಗೆ ಓದು ಕಲಿಸಬೇಕೆಂದು ಕುಟುಂಬ ಬುಖಾರಾಕ್ಕೆ ಬಂತು. ಹತ್ತು ವರ್ಷ ತುಂಬುವಷ್ಟರಲ್ಲಿ ಹುಡುಗ ಕುರ್‌ಆನ್ ಹಿಫ್ಜ್ ಮಾಡಿದ್ದ.

ಇಲ್ಲಿ ನಾವು ವಾಣಿಜ್ಯ ವಿಭಾಗದವರು ಸ್ವಲ್ಪ ಎದೆಯುಬ್ಬಿಸಬಹುದಾದ ಒಂದು ವಿಷಯ ಇದೆ. ಆತನ ತಂದೆ ಲೆಕ್ಕ ಕಲಿಯಲು ಮಗನನ್ನು ಕಳಿಸಿದ್ದು ದೊಡ್ಡ ಪಂಡಿತರ ಹತ್ತಿರ ಅಲ್ಲ, ಒಬ್ಬ ತರಕಾರಿ ವ್ಯಾಪಾರಿಯ ಹತ್ತಿರ. ಆ ವ್ಯಾಪಾರಿ ಹಿಂದೂಸ್ತಾನದ ಲೆಕ್ಕದ ಪದ್ಧತಿ, ಅಂದರೆ ನಮ್ಮ ಅಂಕಿಗಳ ಪದ್ಧತಿ ಬಲ್ಲವನಾಗಿದ್ದ. ಮುಂದೆ ಜಗತ್ತಿಗೇ ವೈದ್ಯರಾದವರು ಮೊದಲು ಕೂಡುವುದು ಕಳೆಯುವುದನ್ನು ತರಕಾರಿ ಅಂಗಡಿಯಲ್ಲಿ ಕಲಿತರು.

ಆಮೇಲೆ ನಾತಿಲೀ ಎಂಬ ಗುರುಗಳು ಮನೆಯಲ್ಲೇ ಉಳಿದು ತರ್ಕ, ರೇಖಾಗಣಿತ ಕಲಿಸಿದರು. ಸ್ವಲ್ಪ ದಿನದಲ್ಲೇ ಶಿಷ್ಯ ಗುರುವನ್ನು ಮೀರಿಸಿದ. ಉಳಿದದ್ದನ್ನು ತಾನೇ ಓದಿಕೊಂಡ. ವೈದ್ಯಶಾಸ್ತ್ರ ಕಷ್ಟದ ವಿದ್ಯೆಯಲ್ಲ ಎಂದು ಆತನಿಗೆ ಅನಿಸಿತಂತೆ. ಹದಿನಾರು ವರ್ಷಕ್ಕೆ ರೋಗಿಗಳನ್ನು ನೋಡುತ್ತಿದ್ದ, ದೊಡ್ಡ ದೊಡ್ಡ ವೈದ್ಯರು ಬಂದು ಆತನ ಹತ್ತಿರ ಪಾಠ ಓದುತ್ತಿದ್ದರು. ನಮ್ಮ ಕಾಲೇಜಿನ ವಿಜ್ಞಾನ ವಿಭಾಗದ ಗೆಳೆಯರು ನೀಟ್ ಪುಸ್ತಕ ಹಿಡಿದುಕೊಂಡು ಅಳುವಾಗ ಈ ವಿಷಯ ಹೇಳಬೇಡಿ, ಪುಸ್ತಕದಲ್ಲೇ ಹೊಡೆಯುತ್ತಾರೆ.

ಈಗ ನಿದ್ದೆಯ ವಿಷಯಕ್ಕೆ ಬರುತ್ತೇನೆ. ಹದಿನಾರರ ನಂತರದ ಒಂದೂವರೆ ವರ್ಷ ಇಬ್ನ್ ಸೀನಾ ಒಂದು ರಾತ್ರಿಯೂ ಪೂರ್ತಿ ಮಲಗಲಿಲ್ಲ. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಹಗಲೆಲ್ಲಾ ಓದು. ಯಾವುದಾದರೂ ಸಮಸ್ಯೆ ಬಿಡಿಸಲಾಗದಿದ್ದರೆ ಮಸೀದಿಗೆ ಹೋಗಿ ನಮಾಜ್ ಮಾಡಿ ದುಆ ಬೇಡುತ್ತಿದ್ದರು. ರಾತ್ರಿ ಮನೆಗೆ ಬಂದು ದೀಪ ಮುಂದಿಟ್ಟುಕೊಂಡು ಮತ್ತೆ ಓದು ಬರಹ. ನಿದ್ದೆ ಒತ್ತಿ ಬಂದಾಗ ಒಂದು ಬಟ್ಟಲು ಶರಾಬು ಕುಡಿದು ಚೇತರಿಸಿಕೊಳ್ಳುತ್ತಿದ್ದೆ ಎಂದೂ ಅವರು ಮುಚ್ಚಿಡದೆ ಹೇಳಿದ್ದಾರೆ. ನಮ್ಮ ದೀನ್ ಒಪ್ಪದ ವಿಷಯ ಇದು. ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಅವರೇ ಮುಚ್ಚಿಡದ್ದನ್ನು ನಾನು ಮುಚ್ಚಿಡುವುದು ಸರಿಯಲ್ಲ ಎನಿಸಿತು. ಕಣ್ಣು ಮುಚ್ಚಿದರೆ ಕನಸಿನಲ್ಲೂ ಅದೇ ಸಮಸ್ಯೆಗಳು ಬರುತ್ತಿದ್ದವು, ಎಷ್ಟೋ ಪ್ರಶ್ನೆಗಳಿಗೆ ಉತ್ತರ ನಿದ್ದೆಯಲ್ಲೇ ಹೊಳೆಯಿತಂತೆ. ಈ ಕೊನೆಯ ಮಾತನ್ನು ನೆನಪಿಡಿ. ಎಚ್ಚರವಿದ್ದಾಗ ಸಿಗದ ಉತ್ತರ ಅವರಿಗೆ ಸಿಕ್ಕಿದ್ದು ಆ ಸ್ವಲ್ಪ ನಿದ್ದೆಯಲ್ಲಿ. ಹಗಲು ಕಲಿತದ್ದು ಗಟ್ಟಿಯಾಗಿ ನೆನಪಿನಲ್ಲಿ ಕೂರುವುದು ನಿದ್ದೆಯ ಹೊತ್ತಿನಲ್ಲೇ ಎಂದು ಇಂದಿನ ವಿಜ್ಞಾನವೂ ಹೇಳುತ್ತದೆ. ನಮ್ಮ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಆ ವಾರ ನಾನು ಮಲಗುತ್ತಿದ್ದದ್ದು ಮೂರೂವರೆ ಗಂಟೆ.

ಓದಿನಲ್ಲಿ ಅವರೂ ಒಂದು ಕಡೆ ಸೋತರು. ಅರಿಸ್ಟಾಟಲ್‌ನ ತತ್ವಶಾಸ್ತ್ರದ ಒಂದು ಗ್ರಂಥವನ್ನು ನಲವತ್ತು ಸಲ ಓದಿದರು. ಬಾಯಿಪಾಠವಾಯಿತು, ಅರ್ಥ ಮಾತ್ರ ಆಗಲಿಲ್ಲ. ಇದು ಅರ್ಥವಾಗುವ ಪುಸ್ತಕವೇ ಅಲ್ಲ ಎಂದು ಕೈಬಿಟ್ಟರು. ಒಂದು ಸಂಜೆ ಪುಸ್ತಕದ ಬಜಾರಿನಲ್ಲಿ ಒಬ್ಬ ದಲ್ಲಾಳಿ ಒಂದು ಪುಸ್ತಕ ಹಿಡಿದು ಕೂಗುತ್ತಿದ್ದ. ಬೇಡವೆಂದರೂ ಬಿಡದೆ, ಮಾಲೀಕನಿಗೆ ಹಣದ ಅಗತ್ಯವಿದೆ, ಮೂರು ದಿರ್ಹಮಿಗೆ ಕೊಡುತ್ತೇನೆ ಎಂದು ಗಂಟುಬಿದ್ದ. ಕೊಂಡು ಮನೆಗೆ ಬಂದು ಓದಿದರೆ ಅದು ಅಲ್ ಫಾರಾಬಿ ಬರೆದ ವಿವರಣೆ. ನಲವತ್ತು ಸಲ ಓದಿ ಅರ್ಥವಾಗದ್ದು ಆಗ ಅರ್ಥವಾಯಿತು. ಮರುದಿನವೇ ಸಂತೋಷದಿಂದ ಬಡವರಿಗೆ ಸದಕಾ ಹಂಚಿದರು. ನಲವತ್ತನೇ ಸಲ ಓದುವುದಕ್ಕಿಂತ ಎದ್ದು ಬಜಾರಿನ ಕಡೆ ನಡೆದು ಬಂದದ್ದೇ ಅವರಿಗೆ ಉಪಯೋಗವಾಯಿತು ಎಂದು ನನಗೆ ಅನಿಸುತ್ತದೆ. ನಮ್ಮ ಮೇಷ್ಟ್ರು ಇದನ್ನು ಒಪ್ಪಲಿಕ್ಕಿಲ್ಲ.

ಅವರಿಗೆ ಹದಿನೇಳು ವರ್ಷವಿದ್ದಾಗ ಬುಖಾರಾದ ಅರಸ ನೂಹ್ ಇಬ್ನ್ ಮನ್ಸೂರ್ ಕಾಯಿಲೆ ಬಿದ್ದ. ಆಸ್ಥಾನದ ವೈದ್ಯರಿಗೆ ಗುಣಪಡಿಸಲು ಆಗಲಿಲ್ಲ. ಹುಡುಗನನ್ನು ಕರೆಸಿದರು. ಅರಸ ಗುಣವಾದ. ಅದಕ್ಕೆ ಪ್ರತಿಯಾಗಿ ಇಬ್ನ್ ಸೀನಾ ಕೇಳಿದ್ದು ಹಣವನ್ನಲ್ಲ, ಅರಮನೆಯ ಗ್ರಂಥಾಲಯಕ್ಕೆ ಹೋಗುವ ಅನುಮತಿಯನ್ನು. ಅಲ್ಲಿ ಒಂದೊಂದು ವಿದ್ಯೆಗೆ ಒಂದೊಂದು ಕೋಣೆ, ಕೋಣೆ ತುಂಬ ಪೆಟ್ಟಿಗೆಗಳಲ್ಲಿ ಪುಸ್ತಕಗಳು. ಹೆಸರು ಕೂಡ ಕೇಳಿರದ ಪುಸ್ತಕಗಳನ್ನು ಅಲ್ಲಿ ಕಂಡೆ ಎಂದು ಅವರು ನೆನಪಿಸಿಕೊಂಡಿದ್ದಾರೆ. ಹದಿನೆಂಟಕ್ಕೆ ಅವರ ಓದು ಮುಗಿಯಿತು. ಆಮೇಲೆ ಕಲಿತದ್ದು ಮಾಗಿತೇ ಹೊರತು ಹೊಸದಾಗಿ ಸೇರಿದ್ದು ಏನೂ ಇಲ್ಲ ಎಂಬುದು ಅವರದೇ ಅಭಿಪ್ರಾಯ. ವಿನಯ ಅವರ ದೊಡ್ಡ ಗುಣವಾಗಿರಲಿಲ್ಲ ಎಂಬುದು ನಿಮಗೂ ತಿಳಿದಿರಬಹುದು.

ಈ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. 999ರಲ್ಲಿ ಬುಖಾರಾ ತುರ್ಕರ ಕೈಗೆ ಬಿತ್ತು, ಸಾಮಾನಿ ಅರಸೊತ್ತಿಗೆ ಹೋಯಿತು. ಇಪ್ಪತ್ತೆರಡನೇ ವಯಸ್ಸಿನ ಹೊತ್ತಿಗೆ ತಂದೆ ತೀರಿಕೊಂಡರು. ಅಲ್ಲಿಂದ ಕೊನೆಯವರೆಗೂ ಅವರಿಗೆ ಒಂದು ಊರು ಎಂಬುದು ಇರಲಿಲ್ಲ. ಗುರ್ಗಾಂಜ್, ನಸಾ, ತೂಸ್ ಎಂದು ಊರಿಂದ ಊರಿಗೆ ಅಲೆದರು. ಕಾಬೂಸ್ ಎಂಬ ಅರಸನ ಆಶ್ರಯ ಹುಡುಕಿಕೊಂಡು ಹೋದರೆ, ತಲುಪುವಷ್ಟರಲ್ಲಿ ಆತನನ್ನು ಸೆರೆಹಿಡಿದು, ಆತ ಸತ್ತೂ ಹೋಗಿದ್ದ. ಕ್ಯಾಸ್ಪಿಯನ್ ಸಮುದ್ರದ ಹತ್ತಿರದ ಗುರ್ಗಾನ್ ಎಂಬ ಊರಿನಲ್ಲಿ ಅವರಿಗೆ ಜೂಜ್ಜಾನಿ ಎಂಬ ಶಿಷ್ಯ ಸಿಕ್ಕಿದ. ಆತ ಇಪ್ಪತ್ತೈದು ವರ್ಷ ಅವರ ಜೊತೆಗಿದ್ದ. ಗುರುವಿನ ಕಥೆ ಬರೆದದ್ದು ಈತನೇ. ಅದೇ ಊರಿನಲ್ಲಿ ಅವರ ಅತಿ ದೊಡ್ಡ ವೈದ್ಯಗ್ರಂಥ ಅಲ್ ಕಾನೂನ್ ಫಿತ್ತಿಬ್ ಶುರುವಾಯಿತು.

ಕಾನೂನ್ ಐದು ಭಾಗಗಳ ಗ್ರಂಥ. ಮುಂದೆ ಹನ್ನೆರಡನೇ ಶತಮಾನದಲ್ಲಿ ಸ್ಪೇನಿನ ಟೊಲೆಡೊ ನಗರದಲ್ಲಿ ಜೆರಾರ್ಡ್ ಎಂಬವರು ಅದನ್ನು ಲ್ಯಾಟಿನ್ನಿಗೆ ತಂದರು. ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಹದಿನೇಳನೇ ಶತಮಾನದವರೆಗೆ ಅದನ್ನು ಪಾಠ ಮಾಡುತ್ತಿದ್ದರು. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಲ್ಲಿ ಓದುವವರಿಗೆ ಇಂದಿಗೂ ಆ ಹೆಸರು ದಿನನಿತ್ಯದ್ದು.

ಮೂರನೇ ಭಾಗದಲ್ಲಿ ತಲೆಯಿಂದ ಪಾದದವರೆಗಿನ ರೋಗಗಳನ್ನು ಒಂದೊಂದಾಗಿ ಹೇಳುತ್ತಾರೆ. ಶುರುವಾಗುವುದೇ ತಲೆ ಮತ್ತು ಮೆದುಳಿನಿಂದ. ತಲೆನೋವು, ಮರೆವು, ಮೂರ್ಛೆರೋಗ, ಮನಸ್ಸಿನ ಕತ್ತಲೆ, ಫಾಲಿಜ್, ಲಕ್ವಾ. ನಮ್ಮ ಮನೆಯಲ್ಲಿ ಫಾಲಿಜ್ ಅಂದರೆ ಪಾರ್ಶ್ವವಾಯು. ಲಕ್ವ ಎಂಬ ಮಾತು ಉರ್ದುವಿನವರದು ಮಾತ್ರವಲ್ಲ, ನಮ್ಮ ಪಕ್ಕದ ಮನೆಯ ಅಜ್ಜಿಯೂ ಲಕ್ವ ಹೊಡೆಯಿತು ಎಂದೇ ಹೇಳುತ್ತಾರೆ. ಮೆದುಳಿನಿಂದ ಹೊರಡುವ ನರಗಳನ್ನು ಅವರು ಏಳು ಜೋಡಿ ಎಂದು ಎಣಿಸಿದ್ದರು. ಇಂದಿನ ಪುಸ್ತಕದಲ್ಲಿ ಹನ್ನೆರಡು ಜೋಡಿ. ಅವರಿಗಿಂತ ಮೊದಲಿನ ಗ್ರೀಕ್ ವೈದ್ಯ ಗ್ಯಾಲನ್ ಎಣಿಸಿದಂತೆ ಇವರೂ ಎಣಿಸಿದರು. ಅವರು ಹೇಳಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಮೆದುಳಿನ ಕಾಯಿಲೆಗಳಿಗೆ ಅವರು ಕೊಟ್ಟ ಕಾರಣಗಳು, ಅಂದರೆ ಬಿಸಿ, ತಂಪು, ಒಣ, ಹಸಿ ಎಂಬ ಲೆಕ್ಕ, ಇಂದಿನ ವೈದ್ಯರದ್ದಲ್ಲ.

ಆದರೆ ಮೊದಲ ಭಾಗದಲ್ಲಿ ಅವರು ಹೇಳುವ ಆರು ವಿಷಯಗಳು ನನ್ನನ್ನು ಬಹಳ ಯೋಚನೆಗೆ ಹಚ್ಚಿದವು. ಉರ್ದುವಿನಲ್ಲಿ ಅಸ್ಬಾಬೆ ಸಿತ್ತಾ ಜರೂರಿಯಾ ಎನ್ನುತ್ತಾರೆ, ಎಂದರೆ ಯಾರಿಗೂ ತಪ್ಪದ ಆರು ಕಾರಣಗಳು. ಉಸಿರಾಡುವ ಗಾಳಿ, ತಿನ್ನುವುದು ಕುಡಿಯುವುದು, ದೇಹದ ಓಡಾಟ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಹೊಟ್ಟೆ ಖಾಲಿಯಾಗುವುದು ಮತ್ತು ಕಟ್ಟುವುದು, ಮನಸ್ಸಿನ ಏರಿಳಿತ. ಹಕೀಮ್ ಸಾಹೇಬರು ನನಗೆ ಕೇಳಿದ ಪ್ರಶ್ನೆಗಳು ಎಲ್ಲಿಂದ ಬಂದವು ಎಂದು ಈಗ ಗೊತ್ತಾಯಿತಲ್ಲ? ಕೋಪ, ಭಯ, ದುಃಖಗಳನ್ನು ಊಟ ನಿದ್ದೆಗಳ ಸಾಲಿನಲ್ಲೇ ಸೇರಿಸಿದ್ದಾರೆ. ಸಾವಿರ ವರ್ಷದ ಹಿಂದೆ.

ಈ ಆರರಲ್ಲಿ ಆರೋಗ್ಯ ಕಾಪಾಡಲು ಅವರು ಮುಂದಿಟ್ಟದ್ದು ಮೂರನ್ನು. ಮೊದಲು ವ್ಯಾಯಾಮ, ಆಮೇಲೆ ಆಹಾರ, ಆಮೇಲೆ ನಿದ್ದೆ. ಹಸಿವಾಗುವವರೆಗೆ ತಿನ್ನಬಾರದು, ಇನ್ನೂ ಸ್ವಲ್ಪ ಹಸಿವಿರುವಾಗಲೇ ಕೈತೊಳೆಯಬೇಕು ಎನ್ನುತ್ತಾರೆ. ಮಲಗುವಾಗ ಮೊದಲು ಸ್ವಲ್ಪ ಹೊತ್ತು ಬಲಮಗ್ಗುಲಿಗೆ, ನಂತರ ಎಡಮಗ್ಗುಲಿಗೆ. ಹಗಲು ನಿದ್ದೆ ಒಳ್ಳೆಯದಲ್ಲ, ಆದರೆ ಅಭ್ಯಾಸವಾದವರು ಒಮ್ಮೆಗೇ ನಿಲ್ಲಿಸಬಾರದು. ಅತಿಯಾದ ನಿದ್ದೆಯಿಂದ ತಲೆ ಭಾರವಾಗಿ ಬುದ್ಧಿ ಮಂದವಾಗುತ್ತದೆ. ಅತಿಯಾದ ಎಚ್ಚರದಿಂದ ಮೆದುಳು ಒಣಗಿ, ವಿಚಾರ ಕಲಸಿಹೋಗುತ್ತದೆ. ಮೆದುಳು ಒಣಗುವುದು ನಿಜವೋ ಸುಳ್ಳೋ, ವಿಚಾರ ಕಲಸಿಹೋಗುವುದಕ್ಕೆ ನನ್ನ ಟ್ರಯಲ್ ಬ್ಯಾಲೆನ್ಸೇ ಸಾಕ್ಷಿ. ಪುಟ್ಟ ಮಕ್ಕಳನ್ನೂ ಅವರು ಬಿಟ್ಟಿಲ್ಲ. ಮಗುವನ್ನು ಮೆಲ್ಲಗೆ ತೂಗಬೇಕು, ಜೋಗುಳ ಹಾಡಬೇಕು, ಒಂದು ದೇಹಕ್ಕೆ, ಇನ್ನೊಂದು ಮನಸ್ಸಿಗೆ ಒಳ್ಳೆಯದು ಎನ್ನುತ್ತಾರೆ. ನಮ್ಮ ದಾದಿಗೆ ಇದನ್ನು ಓದಿ ಹೇಳಿದಾಗ, ಇದಕ್ಕೆ ಬೂ ಅಲೀ ಸೀನಾ ಯಾಕೆ ಬೇಕು, ನಾನು ನಿನಗೆ ಅದೆಲ್ಲ ಮಾಡಿದ್ದೇನೆ ಎಂದುಬಿಟ್ಟರು.

ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ ಮೆದುಳಿನ ತೂಕ ಸುಮಾರು 1.4 ಕಿಲೋ. ದೇಹದ ತೂಕದಲ್ಲಿ ಹೆಚ್ಚೆಂದರೆ ಶೇಕಡಾ 2. ಆದರೆ ನಾವು ಸುಮ್ಮನೆ ಕೂತಿರುವಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇಕಡಾ 20 ಇದೊಂದಕ್ಕೇ ಹೋಗುತ್ತದೆ. ಇಷ್ಟು ಖರ್ಚಿನ ಶಾಖೆಯನ್ನು ಬೆಳಿಗ್ಗೆ ನಾಷ್ಟಾ ಬಿಟ್ಟು, ಬರೀ ಚಹಾದ ಮೇಲೆ ನಡೆಸಿದರೆ ಏನಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ನರಗಳಿಗೆ ಬಿ 12 ಜೀವಸತ್ವ ಬೇಕು. ಅದು ಮೊಟ್ಟೆ, ಹಾಲು, ಮೀನು, ಮಾಂಸದಲ್ಲಿ ಸಿಗುತ್ತದೆ, ಗಿಡದ ಆಹಾರದಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಅದು ಬಹಳ ದಿನ ಕಡಿಮೆಯಾದರೆ ಕೈಕಾಲು ಜೋಮು ಹಿಡಿಯುತ್ತದೆ. ಇದು ಇಬ್ನ್ ಸೀನಾ ಅವರಿಗೆ ಗೊತ್ತಿರಲಿಲ್ಲ, ನಮ್ಮ ಜೀವಶಾಸ್ತ್ರದ ಗೆಳೆಯರಿಂದ ಕೇಳಿ ತಿಳಿದದ್ದು. ರಾತ್ರಿ ಮೊಬೈಲಿನ ಬೆಳಕು ನಿದ್ದೆಯನ್ನು ಮುಂದೆ ತಳ್ಳುತ್ತದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಅವರ ಹತ್ತಿರ ಎಣ್ಣೆದೀಪ ಇತ್ತು, ಅದೇ ಸಾಕಾಗಿತ್ತು.

ಅವರ ಬಗ್ಗೆ ಒಂದು ಕಥೆ ಇದೆ. ಅವರು ತೀರಿಕೊಂಡು ನೂರಕ್ಕೂ ಹೆಚ್ಚು ವರ್ಷದ ನಂತರ ಬರೆದದ್ದಾದ್ದರಿಂದ ಕಥೆ ಎಂದೇ ಓದಿಕೊಳ್ಳಿ. ಒಬ್ಬ ರಾಜಕುಮಾರನಿಗೆ ತಾನು ಹಸು ಎಂಬ ಭ್ರಮೆ ಹಿಡಿಯಿತು. ಅಂಬಾ ಎಂದು ಕೂಗುತ್ತಾ, ನನ್ನನ್ನು ಕಡಿದು ಅಡುಗೆ ಮಾಡಿ ಎನ್ನುತ್ತಾ ಊಟ ಬಿಟ್ಟ. ಇಬ್ನ್ ಸೀನಾ ಕಟುಕನ ವೇಷದಲ್ಲಿ ಕತ್ತಿ ಹಿಡಿದು ಬಂದರು. ರಾಜಕುಮಾರನನ್ನು ಕಟ್ಟಿಸಿ ಮಲಗಿಸಿ, ಪಕ್ಕೆ ಮುಟ್ಟಿ ನೋಡಿ, ಈ ಹಸು ಬಡಕಲಾಗಿದೆ, ಮೊದಲು ಚೆನ್ನಾಗಿ ಮೇಯಿಸಿ ಎಂದು ಹೇಳಿ ಎದ್ದು ಹೋದರು. ಕೊಬ್ಬಬೇಕೆಂಬ ಆಸೆಯಿಂದ ರಾಜಕುಮಾರ ತಿನ್ನಲು ಶುರುಮಾಡಿದ. ಊಟದ ಜೊತೆ ಔಷಧ ಕೊಟ್ಟರು. ಸ್ವಲ್ಪ ದಿನದಲ್ಲಿ ಹುಚ್ಚು ಬಿಟ್ಟಿತು. ಮನಸ್ಸಿನ ಕಾಯಿಲೆಯವರನ್ನು ನಾವು ಇಂದಿಗೂ ನಗುತ್ತೇವೆ, ಇಲ್ಲವೆ ಜಿನ್ ಹಿಡಿದಿದೆ ಎನ್ನುತ್ತೇವೆ. ಕಥೆಯಲ್ಲಿ ಅವರು ನಗಲೂ ಇಲ್ಲ, ಬೈಯಲೂ ಇಲ್ಲ, ರೋಗಿಯ ಮಾತನ್ನೇ ಹಿಡಿದುಕೊಂಡು ಹೋದರು. ರೇ ನಗರದಲ್ಲಿ ಮಜ್ದುದ್ದೌಲಾ ಎಂಬ ಅರಸನ ಮನೋವ್ಯಾಧಿಗೆ ಅವರು ಚಿಕಿತ್ಸೆ ಕೊಟ್ಟದ್ದು ಮಾತ್ರ ಕಥೆಯಲ್ಲ, ಜೂಜ್ಜಾನಿ ದಾಖಲಿಸಿದ್ದಾನೆ.

ಅಲ್ಲಿಂದ ಹಮದಾನ್. ಅರಸ ಶಮ್ಸುದ್ದೌಲಾನಿಗೆ ಕುಲಂಜ್, ಅಂದರೆ ವಿಪರೀತ ಹೊಟ್ಟೆಶೂಲೆ. ಇಬ್ನ್ ಸೀನಾ ನಲವತ್ತು ಹಗಲು ನಲವತ್ತು ರಾತ್ರಿ ಅರಮನೆಯಲ್ಲೇ ಇದ್ದು ಗುಣಪಡಿಸಿದರು. ಅರಸ ಅವರನ್ನು ವಜೀರನನ್ನಾಗಿ ಮಾಡಿದ. ಸೈನಿಕರಿಗೆ ಅದು ಹಿಡಿಸಲಿಲ್ಲ. ದಂಗೆಯೆದ್ದು ಅವರ ಮನೆ ದೋಚಿದರು, ಕೊಲ್ಲಬೇಕೆಂದು ಪಟ್ಟುಹಿಡಿದರು. ಅವರು ಒಬ್ಬ ಸ್ನೇಹಿತರ ಮನೆಯಲ್ಲಿ ನಲವತ್ತು ದಿನ ಅಡಗಿಕೊಂಡರು. ಅಷ್ಟರಲ್ಲಿ ಅರಸನಿಗೆ ಮತ್ತೆ ಹೊಟ್ಟೆಶೂಲೆ. ಹುಡುಕಿಸಿ ಕರೆತಂದು, ಕ್ಷಮೆ ಕೇಳಿ, ಮತ್ತೆ ವಜೀರ ಪಟ್ಟ ಕೊಟ್ಟ.

ಆ ದಿನಗಳಲ್ಲಿ ಅವರ ದಿನಚರಿ ಹೇಗಿತ್ತೆಂದು ಕೇಳಿ. ಹಗಲು ಅರಸನ ಕೆಲಸ. ರಾತ್ರಿ ಮನೆಯಲ್ಲಿ ಶಿಷ್ಯರು ಸೇರುತ್ತಿದ್ದರು. ಒಬ್ಬ ಕಾನೂನ್ ಓದಿದರೆ ಇನ್ನೊಬ್ಬ ಅಶ್ಶಿಫಾ ಓದುತ್ತಿದ್ದ. ಪಾಠ ಮುಗಿದ ಮೇಲೆ ಹಾಡುಗಾರರು, ಶರಾಬಿನ ಕೂಟ. ಅಶ್ಶಿಫಾ ಹೆಸರು ಕೇಳಿ ವೈದ್ಯದ ಪುಸ್ತಕ ಎಂದುಕೊಳ್ಳಬೇಡಿ, ಅದು ತರ್ಕ, ವಿಜ್ಞಾನ, ಗಣಿತ, ತತ್ವಶಾಸ್ತ್ರಗಳ ದೊಡ್ಡ ಗ್ರಂಥ. ಅವರ ತತ್ವಶಾಸ್ತ್ರವನ್ನು ಮುಂದೆ ಇಮಾಮ್ ಗಝಾಲಿಯವರು ಕಟುವಾಗಿ ಟೀಕಿಸಿದರು. ಆ ವಾದ ನನ್ನ ಮಟ್ಟದ್ದಲ್ಲ, ಉಲಮಾಗಳಿಗೆ ಬಿಡುತ್ತೇನೆ.

ನಿದ್ದೆ, ಮಿತ ಆಹಾರ, ವಿಶ್ರಾಂತಿ ಎಂದು ಬರೆದ ಕೈಯೇ ಅದು. ಬರೆಯುತ್ತಿದ್ದ ಹೊತ್ತು ಮಧ್ಯರಾತ್ರಿ. ಇದನ್ನು ಓದಿದಾಗ ನನಗೆ ಮೊದಲು ನಗು ಬಂತು, ಆಮೇಲೆ ಬೇಜಾರಾಯಿತು.

1021ರಲ್ಲಿ ಶಮ್ಸುದ್ದೌಲಾ ತೀರಿಕೊಂಡ. ಹೊಸ ಅರಸನ ಕೆಳಗೆ ಕೆಲಸ ಮಾಡಲು ಇಷ್ಟವಿಲ್ಲದೆ ಅವರು ಒಬ್ಬ ಔಷಧ ವ್ಯಾಪಾರಿಯ ಮನೆಯಲ್ಲಿ ಅಡಗಿದರು. ಅಲ್ಲಿ ಕೈಯಲ್ಲಿ ಒಂದೂ ಪುಸ್ತಕವಿಲ್ಲದೆ, ನೆನಪಿನಿಂದಲೇ, ದಿನಕ್ಕೆ ಐವತ್ತು ಹಾಳೆಯಂತೆ ಅಶ್ಶಿಫಾ ಬರೆದರು. ಶತ್ರುಗಳಿಗೆ ಸುಳಿವು ಸಿಕ್ಕಿ ಫರ್ದಜಾನ್ ಎಂಬ ಕೋಟೆಯಲ್ಲಿ ನಾಲ್ಕು ತಿಂಗಳು ಸೆರೆಯಿಟ್ಟರು. ಅಲ್ಲಿಯೂ ಮೂರು ಪುಸ್ತಕ ಬರೆದರು. ಅದರಲ್ಲಿ ಒಂದು ಕುಲಂಜಿನ ಬಗ್ಗೆ, ಅದೇ ಹೊಟ್ಟೆಶೂಲೆಯ ಬಗ್ಗೆ. ಕೊನೆಗೆ ಸೂಫಿಗಳ ಬಟ್ಟೆ ತೊಟ್ಟು, ತಮ್ಮ ಮತ್ತು ಜೂಜ್ಜಾನಿ ಜೊತೆ ಹಮದಾನಿನಿಂದ ತಪ್ಪಿಸಿಕೊಂಡು ಇಸ್ಫಹಾನಿಗೆ ಬಂದರು. ಅಲ್ಲಿನ ಅರಸ ಅಲಾವುದ್ದೌಲಾ ಮರ್ಯಾದೆಯಿಂದ ಕಂಡ. ಕುದುರೆಯ ಮೇಲೆ, ಯುದ್ಧದ ದಾರಿಯಲ್ಲಿ ಅರಸನ ಜೊತೆ ಹೋಗುತ್ತಲೇ ಪುಸ್ತಕಗಳನ್ನು ಮುಗಿಸಿದರು.

ಜೂಜ್ಜಾನಿ ಬರೆದ ಒಂದು ಮಾತು ನಮಗೆಲ್ಲ ಉಪಯೋಗಕ್ಕೆ ಬರುವಂಥದು. ಗುರುಗಳು ಹೊಸ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದ್ದನ್ನು ಆತ ಇಪ್ಪತ್ತೈದು ವರ್ಷದಲ್ಲಿ ಕಂಡೇ ಇಲ್ಲ. ಕಠಿಣವಾದ ಭಾಗವನ್ನು ನೇರವಾಗಿ ತೆಗೆದು, ಲೇಖಕ ಅಲ್ಲಿ ಏನು ಹೇಳಿದ್ದಾನೆ ಎಂದು ನೋಡುತ್ತಿದ್ದರು. ನಾವು ಸುಲಭವಾದ ಒಂದನೇ ಅಧ್ಯಾಯವನ್ನು ಹತ್ತು ಸಲ ಓದುತ್ತೇವೆ. ಇಸ್ಫಹಾನಿನಲ್ಲಿ ಒಬ್ಬ ಪಂಡಿತ, ನಿಮಗೆ ಅರಬ್ಬಿ ಭಾಷೆ ಅಷ್ಟಾಗಿ ಬರುವುದಿಲ್ಲ ಎಂದು ಸಭೆಯಲ್ಲಿ ಹಂಗಿಸಿದಾಗ, ಮೂರು ವರ್ಷ ಕೂತು ಭಾಷೆಯ ಪುಸ್ತಕಗಳನ್ನು ಓದಿ, ಅದೇ ಪಂಡಿತನಿಗೇ ಅರ್ಥವಾಗದಂಥ ಬರಹ ಬರೆದು ತೋರಿಸಿದರು. ಮನೆಯಲ್ಲಿ ಉರ್ದು, ಪರೀಕ್ಷೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಒದ್ದಾಡುವ ನನಗೆ ಈ ಘಟನೆ ಬಹಳ ಇಷ್ಟ.

ಒಂದು ದಿನ ಅವರಿಗೆ ಜೋರು ತಲೆನೋವು ಬಂತು. ತಲೆಬುರುಡೆಯ ಪೊರೆಗೆ ಏನೋ ಇಳಿಯುತ್ತಿದೆ, ಊತ ಬರಬಹುದು ಎಂದು ಅನುಮಾನಪಟ್ಟು, ಬಹಳಷ್ಟು ಮಂಜುಗಡ್ಡೆ ತರಿಸಿ, ಪುಡಿಮಾಡಿ, ಬಟ್ಟೆಯಲ್ಲಿ ಸುತ್ತಿ ತಲೆಗೆ ಇಟ್ಟುಕೊಂಡರು. ಕಡಿಮೆಯಾಯಿತು. ಮತ್ತೆ ಕೆಲಸಕ್ಕೆ ಕೂತಿರಬೇಕು.

ಐವತ್ತು ದಾಟಿದ ಮೇಲೆ ದೇಹ ತನ್ನ ಲೆಕ್ಕ ಕೇಳಿತು. ಬಂದದ್ದು ಅದೇ ಕುಲಂಜ್, ತಾವು ಅರಸನಿಗೆ ಗುಣಪಡಿಸಿದ, ಸೆರೆಮನೆಯಲ್ಲಿ ಪುಸ್ತಕ ಬರೆದ ಕಾಯಿಲೆ. ಯುದ್ಧ ನಡೆಯುತ್ತಿತ್ತು. ಸೈನ್ಯ ಸೋತು ಓಡಬೇಕಾಗಿ ಬಂದರೆ ಕಾಯಿಲೆಯಲ್ಲಿ ಹಿಂದೆ ಬೀಳುತ್ತೇನೆಂಬ ಆತಂಕದಲ್ಲಿ ಒಂದೇ ದಿನ ಎಂಟು ಸಲ ವಸ್ತಿ, ಅಂದರೆ ಎನಿಮಾ, ತೆಗೆದುಕೊಂಡರು. ಕರುಳು ಹುಣ್ಣಾಯಿತು. ಅದೇ ಸ್ಥಿತಿಯಲ್ಲಿ ಅರಸನ ಜೊತೆ ಅವಸರದ ಪ್ರಯಾಣ. ದಾರಿಯಲ್ಲಿ ಮೂರ್ಛೆ ಬರತೊಡಗಿತು. ಮೆದುಳು ನರಗಳ ಬಗ್ಗೆ ಅಷ್ಟು ಬರೆದವರಿಗೆ ಕೈಕಾಲು ಸೆಟೆಯುವ ಕಾಯಿಲೆ. ಔಷಧಕ್ಕೆ ಅಜ್ವಾನದ ಜಾತಿಯ ಒಂದು ಬೀಜವನ್ನು ಚಿಟಿಕೆಯಷ್ಟು ಹಾಕಲು ಹೇಳಿದರೆ, ಜೊತೆಗಿದ್ದ ವೈದ್ಯ ಹಲವು ಪಟ್ಟು ಹಾಕಿದ. ಒಬ್ಬ ಸೇವಕ ಅವರ ಹಣ ಕದ್ದಿದ್ದ, ಸಿಕ್ಕಿಬೀಳುವ ಭಯಕ್ಕೆ ಔಷಧದಲ್ಲಿ ಅಫೀಮು ಬೆರೆಸಿದ. ಪಲ್ಲಕ್ಕಿಯಲ್ಲಿ ಇಸ್ಫಹಾನಿಗೆ ತಂದಾಗ ನಿಲ್ಲಲೂ ಆಗುತ್ತಿರಲಿಲ್ಲ.

ತಮಗೆ ತಾವೇ ಚಿಕಿತ್ಸೆ ಮಾಡಿಕೊಂಡು ನಡೆಯುವಷ್ಟಾದರು. ಆಮೇಲಾದರೂ ಪಥ್ಯ ಮಾಡಿದರೇ ಎಂದರೆ ಇಲ್ಲ. ಹಳೆಯ ಅಭ್ಯಾಸಗಳಿಗೇ ಹೋದರು ಎಂದು ಜೂಜ್ಜಾನಿ ನೊಂದು ಬರೆದಿದ್ದಾನೆ. ಕಾಯಿಲೆ ಬರುವುದು, ಹೋಗುವುದು, ಮತ್ತೆ ಬರುವುದು. ಅರಸ ಹಮದಾನಿನ ಕಡೆ ಹೊರಟಾಗ ಇವರೂ ಹೊರಟರು. ದಾರಿಯಲ್ಲಿ ಮತ್ತೆ ಮರುಕಳಿಸಿತು. ಹಮದಾನ್ ತಲುಪುವಷ್ಟರಲ್ಲಿ, ದೇಹವನ್ನು ನಡೆಸುತ್ತಿದ್ದ ಶಕ್ತಿಯೇ ಸೋತಿದೆ, ಇನ್ನು ಔಷಧದಿಂದ ಉಪಯೋಗವಿಲ್ಲ ಎಂದು ಅವರಿಗೆ ಖಚಿತವಾಯಿತು. ಔಷಧ ನಿಲ್ಲಿಸಿದರು. ಕೊನೆಯ ದಿನಗಳಲ್ಲಿ ತೌಬಾ ಮಾಡಿ, ಇದ್ದದ್ದನ್ನು ಬಡವರಿಗೆ ಕೊಟ್ಟು, ಗುಲಾಮರನ್ನು ಬಿಡುಗಡೆ ಮಾಡಿ, ಮೂರು ದಿನಕ್ಕೊಮ್ಮೆ ಕುರ್‌ಆನ್ ಖತಂ ಮಾಡುತ್ತಿದ್ದರೆಂದು ಚರಿತ್ರೆಕಾರರು ಬರೆದಿದ್ದಾರೆ. 1037ರ ಜೂನ್‌ನಲ್ಲಿ, ಹಿಜರಿ 428ರ ರಂಜಾನ್ ತಿಂಗಳಲ್ಲಿ ತೀರಿಕೊಂಡರು. ವಯಸ್ಸು 57 ತುಂಬಿರಲಿಲ್ಲ. ಹಮದಾನಿನಲ್ಲೇ ದಫನ್ ಮಾಡಿದರು. ಅಲ್ಲಿ ಈಗ ಎತ್ತರದ ಗೋಪುರದ ಮಕ್ಬರಾ ಇದೆ.

ನಮ್ಮ ಅಬ್ಬಾಗೆ ಈ ಕಥೆ ಹೇಳಿದಾಗ ಅವರು, ಅಷ್ಟು ನಿದ್ದೆಗೆಡದೆ ಇದ್ದಿದ್ದರೆ ಅಷ್ಟು ಪುಸ್ತಕ ಬರೆಯುತ್ತಿದ್ದರೇ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅಬ್ಬಾ ಸ್ವತಃ ರಾತ್ರಿ ಹನ್ನೆರಡಕ್ಕೆ ಅಂಗಡಿ ಮುಚ್ಚಿ ಬಂದು ಊಟ ಮಾಡುವವರು, ಎರಡು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿದ್ದಾರೆ. ಬಿಪಿ ಹೆಚ್ಚಾಗಿ ಹಾಗೇ ಬಿಟ್ಟರೆ ಮೆದುಳಿನ ರಕ್ತನಾಳಕ್ಕೆ ಪೆಟ್ಟು ಬಿದ್ದು ಫಾಲಿಜ್ ಆಗಬಹುದು ಎಂದು ಡಾಕ್ಟರು ಅವರಿಗೆ ಹೇಳಿದ್ದಾರೆ. ಅದಕ್ಕೇ ಈಗ ಫಜರ್ ನಮಾಜಿನ ನಂತರ ನಾನು ಅವರ ಜೊತೆ ಕೆರೆ ಏರಿಯವರೆಗೆ ನಡೆದು ಬರುತ್ತೇನೆ. ಮೊದಲ ವಾರ ಅವರು ದಾರಿಯುದ್ದಕ್ಕೂ ಅಂಗಡಿಯ ಬಾಕಿ ಲೆಕ್ಕವನ್ನೇ ಮಾತಾಡಿದರು. ಈಗ ಸ್ವಲ್ಪ ಕಡಿಮೆ.

ಮೊನ್ನೆ ದಾದಿಯ ಮಂಡಿನೋವಿನ ಎಣ್ಣೆ ತರಲು ಇಬ್ಬರೂ ದವಾಖಾನೆಗೆ ಹೋಗಿದ್ದೆವು. ಹಕೀಮ್ ಸಾಹೇಬರು ಸುಮ್ಮನಿರದೆ ನನ್ನ ನಾಡಿ ಹಿಡಿದು, ಈಗ ಎಷ್ಟು ಗಂಟೆಗೆ ಮಲಗುತ್ತೀಯ ಎಂದರು. ಹತ್ತೂವರೆಗೆ ಎಂದೆ. ಪಕ್ಕದಲ್ಲೇ ಕೂತಿದ್ದ ದಾದಿ, ಹನ್ನೊಂದೂವರೆ ಎಂದು ತಿದ್ದಿದರು.